ಇಂಜಿನ್ ಇಲ್ಲದವರು ಇಳಿಯುವ ಜಾಗ

ವಿಮಾನದ ಮಾತಿರಲಿ, ಏಣಿ ಹತ್ತಿದರೂ ತಲೆ ಸುತ್ತುವ ಮನುಷ್ಯ ನಾನು. ಅಂಥ ನನ್ನನ್ನು ಹಿಡಿದು, ಹೆಬ್ಬೂರಿನ ಹತ್ತಿರದ ಗ್ಲೈಡರ್ ಮೈದಾನದವರು, ಹೊರಗಿನಿಂದ ಬಂದಿಳಿಯುವ ಪೈಲಟ್‌ಗಳಿಗೆ ನಾಲ್ಕು ಸೂಚನೆ ಬರೆದುಕೊಡಿ ಸಾರ್ ಎಂದರು. ಮೇಷ್ಟರಾಗಿದ್ದವರಿಗೆ ಬರೆಯಲು ಬಾರದ ವಿಷಯವೇ ಇಲ್ಲ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಅದನ್ನು ಕೆಡಿಸಲು ಮನಸ್ಸಾಗದೆ ಒಪ್ಪಿಕೊಂಡೆ.

ಗ್ಲೈಡರ್ ಎಂದರೆ ಇಂಜಿನ್ ಇಲ್ಲದ ವಿಮಾನ. ಹಗ್ಗ ಕಟ್ಟಿ ಎಳೆದು ಮೇಲಕ್ಕೆ ಬಿಡುತ್ತಾರೆ, ಆಮೇಲೆ ಅದು ಗಾಳಿಯ ಪಾಲು. ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇಳುತ್ತದಲ್ಲ, ಅದನ್ನು ನಂಬಿಕೊಂಡು ಗರುಡ ರೆಕ್ಕೆ ಬಡಿಯದೆ ಸುತ್ತುತ್ತದೆ. ಇದೂ ಹಾಗೆಯೇ. ಬೆಳ್ಳಾವಿಯ ಹೊಲಗಳ ಮೇಲೆ ಮಧ್ಯಾಹ್ನ ಗಾಳಿ ಚೆನ್ನಾಗಿ ಏಳುತ್ತದಂತೆ, ಕುಣಿಗಲ್ ಕೆರೆಯ ಮೇಲೆ ತಣ್ಣಗಾಗಿ ಕೈಬಿಡುತ್ತದಂತೆ. ಇದನ್ನೆಲ್ಲ ಕೇಳಿದ ಮೇಲೆ ನನಗೆ ಹಗಲುಗನಸಿನ ಹುಚ್ಚು ಹಿಡಿಯಿತು. ಸದಾಶಿವನಗರದ ಮನೆಯ ತಾರಸಿಯಲ್ಲಿ ಕೂತು ಗುಬ್ಬಿಯ ತೆಂಗಿನ ತೋಟಗಳ ಮೇಲೆ ಸದ್ದಿಲ್ಲದೆ ತೇಲುತ್ತಿದ್ದೆ. ಬಟ್ಟೆ ಒಣಹಾಕಲು ಬಂದ ಹೆಂಡತಿ "ಸ್ವಲ್ಪ ಸರ್ಕೊಳಿ" ಎಂದಾಗ ಇಳಿಯುತ್ತಿದ್ದೆ.

ತೇಲುವುದೆಲ್ಲ ಸರಿ, ಇಳಿಯುವುದೇ ಕಷ್ಟ. ಇಂಜಿನ್ ಇರುವ ವಿಮಾನ ಜಾಗ ಸರಿಯಿಲ್ಲವೆಂದರೆ ಮತ್ತೆ ಮೇಲೇರಿ ಸುತ್ತಿಬರಬಹುದು. ಇದಕ್ಕೆ ಆ ಭಾಗ್ಯವಿಲ್ಲ. ಗಾಳಿಯ ದಿಕ್ಕು, ಮರಗಳ ಎತ್ತರ ಎಲ್ಲ ಬರೆದಿಟ್ಟೆ. ನಮ್ಮ ಗೌರಕ್ಕನ ವಿಷಯ ಮಾತ್ರ ನನಗೆ ಹೊಳೆದಿರಲಿಲ್ಲ.

ಗೌರಕ್ಕ ನನ್ನ ದೊಡ್ಡಪ್ಪನ ಮಗಳು. ಮೈದಾನದ ಬೇಲಿಗೆ ಅಂಟಿಕೊಂಡೇ ಅವಳ ಹೊಲ. ಹುರುಳಿ ಕಿತ್ತರೆ ಟಾರು ರಸ್ತೆಗೆ ಹರಡುವುದು ನಮ್ಮಲ್ಲಿ ರೂಢಿ. ಓಡಾಡುವ ಬಸ್ಸು, ಲಾರಿಗಳೇ ತುಳಿದು ಒಕ್ಕಣೆ ಮುಗಿಸಿಕೊಡುತ್ತವೆ. ಮೊನ್ನೆ ರಸ್ತೆಯಲ್ಲಿ ಜಾಗ ಸಿಗದೆ, ಹೇಗೂ ಮೈದಾನಕ್ಕೆ ರಜೆ ಎಂದು, ಅವಳು ರನ್‌ವೇಗೇ ಹರಡಿಬಿಟ್ಟಿದ್ದಳು. ಅಲ್ಲಿಗೆ ಹೋಗಿದ್ದ ನಾನು ಇದೇನಕ್ಕ ಎಂದರೆ, "ಇಮಾನ ಬಂದ್ರೆ ಬರ್ಲಿ ಬುಡ್ಲಾ, ಬಸ್ಸಿಗಿಂತ ಚೆನ್ನಾಗಿ ತುಳೀತದೆ" ಎಂದಳು.

ಅಷ್ಟರಲ್ಲಿ ತೆಂಗಿನ ಗರಿಗಳ ಮೇಲೆ ಬಿಳಿಯ ಗ್ಲೈಡರೊಂದು ಕಾಣಿಸಿತು. ಎಲ್ಲಿಂದಲೋ ಹೊರಟು, ಗಾಳಿ ಕೈಕೊಟ್ಟು ಇತ್ತ ತಿರುಗಿತ್ತು. ಎಷ್ಟು ಚೆಂದವಿತ್ತೆಂದರೆ ನಾನು ಬಾಯಿ ತೆರೆದು ನಿಂತುಬಿಟ್ಟೆ. ಆಮೇಲೆ ರನ್‌ವೇ ಮೇಲಿನ ಹುರುಳಿ ನೆನಪಾಯಿತು.

"ಅಕ್ಕ, ಅದರದು ಪುಟ್ಟ ಚಕ್ರ. ಬಳ್ಳಿ ಸುತ್ಕೊಂಡ್ರೆ ಮಗುಚ್ಕೊಳುತ್ತೆ."

ಗೌರಕ್ಕ ಎರಡೂ ಕೈ ಎತ್ತಿ ಬೀಸತೊಡಗಿದಳು. "ಓಗು, ಓಗು, ಒಂದ್ ಸುತ್ತಾಕ್ಕೊಂಡು ಆಮೇಲ್ ಬಾ."

"ಅದಕ್ಕೆ ಇಂಜಿನ್ ಇಲ್ಲ ಕಣಕ್ಕ. ವಾಪಸ್ ಹೋಗಕ್ಕಾಗಲ್ಲ."

ಅವಳ ಕೈ ಗಾಳಿಯಲ್ಲೇ ನಿಂತಿತು. ಮರುಕ್ಷಣ ಬಗ್ಗಿ, ಹುರುಳಿಯನ್ನು ತಬ್ಬಿ ತಬ್ಬಿ ಪಕ್ಕದ ಮುಳ್ಳುಗಿಡಗಳತ್ತ ಎಸೆಯತೊಡಗಿದಳು. ಒಣಗಿದ ಕಾಯಿ ಸಿಡಿದು ಕಾಳೆಲ್ಲ ಮಣ್ಣುಪಾಲಾಗುತ್ತಿತ್ತು. ಅವಳು ಅತ್ತ ನೋಡಲಿಲ್ಲ. ನಾನೂ ಪಂಚೆ ಎತ್ತಿಕಟ್ಟಿ ಸಿಕ್ಕಷ್ಟು ಎಳೆದೆ. ಗ್ಲೈಡರ್ ತೋಟದ ಮೇಲೆ ಕೊನೆಯ ತಿರುವು ತೆಗೆದುಕೊಂಡಿತು. ನಾವು ಬೇಲಿಯತ್ತ ಓಡಿದೆವು. ಅದು ಖಾಲಿಯಾದ ಕಡೆ ಇಳಿದು, ಉಳಿದ ಹುರುಳಿಯ ಅಂಚಿಗೆ ಬಂದು ನಿಂತಿತು.

ಒಳಗಿನಿಂದ ಇಳಿದವಳು ಒಬ್ಬ ಹೆಣ್ಣುಮಗಳು. ನೇರ ಬಂದು ಗೌರಕ್ಕನ ಕೈ ಹಿಡಿದುಕೊಂಡಳು. "ಎಲ್ಲಿ ಇಳೀಬೇಕು ಅಂತ ಗೊತ್ತಾಗ್ದೆ ಅಳು ಬಂದಿತ್ತಮ್ಮ. ನೀವು ಎರಡೂ ಕೈ ಎತ್ತಿ ಕರೀತಾ ಇದ್ದಿದ್ದು ಕಾಣಿಸ್ತು. ಅದನ್ನೇ ನೋಡ್ಕೊಂಡು ಬಂದುಬಿಟ್ಟೆ."

ಗೌರಕ್ಕ ನನ್ನ ಕಡೆ ತಿರುಗಲೇ ಇಲ್ಲ.

"ಊಂ ಕಣವ್ವ" ಎಂದಳು, "ಬಾ ಅಂತ್ಲೇ ಕರೀತಿದ್ದೆ."

ಅದನ್ನು ಸುಳ್ಳು ಎನ್ನುವುದಾದರೂ ಹೇಗೆ? ಬೇಡವೆಂದು ಬೀಸಿದ ಕೈಗಳೇ ಅಲ್ಲವೇ ಆಮೇಲೆ ಜಾಗ ಮಾಡಿಕೊಟ್ಟಿದ್ದು.