ಲಂಟಾನದ ಹಿಂದೆ ಸ್ಪಷ್ಟವಾದ ಕಣ್ಣು

ಎಷ್ಟು ಸಲ ಒತ್ತಿದರೂ ನನ್ನ ಹೊಸ ಕ್ಯಾಮೆರಾ ಎದುರಿನ ಲಂಟಾನ ಹೂವನ್ನೇ ಹಿಡಿಯುತ್ತಿತ್ತು. ನನಗೆ ಬೇಕಿದ್ದ ಹಿಂದಿನ ಬಂಡೆ ಮಸುಕಾಗಿಯೇ ಉಳಿಯುತ್ತಿತ್ತು. ಹಳೇಕೋಟೆಯ ನಮ್ಮಕ್ಕನ ಹೊಲದ ಅಂಚಿನಲ್ಲಿ ಬೆಳಿಗ್ಗೆಯಿಂದ ಇದೇ ಪಾಡು.

"ಒಂದು ಫೋಟೋಗೆ ಇಷ್ಟೊತ್ತೇನೆ? ಬಂಡೆತಾವ ಒಂದ್ ಹೊರೆ ಹುಲ್ಲು ಕುಯ್ಕೊಂಡು ಬತ್ತೀನಿ" ಎಂದು ಅಕ್ಕ ಕುಡುಗೋಲು ಹಿಡಿದು ಹೊರಟಳು.

ನಾನು ಆಟೋ ಫೋಕಸ್ ಆಫ್ ಮಾಡಿ, ಲೆನ್ಸಿನ ರಿಂಗನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದೆ. ಹೂಗಳು ಕರಗಿ ಬರೀ ಬಣ್ಣವಾದವು. ಬಂಡೆಯ ಬಿರುಕು, ಒಣಗಿದ ಪಾಚಿ ಒಂದೊಂದಾಗಿ ತಿಳಿಯಾದವು. ಇನ್ನೊಂಚೂರು ತಿರುಗಿಸಿದೆ. ಬಂಡೆಯ ನೆರಳಿನಲ್ಲಿ ಬಿಳಿ ಮೀಸೆಯ ಎಳೆಗಳು, ಆಮೇಲೆ ಎರಡು ಹಳದಿ ಕಣ್ಣುಗಳು ಮೂಡಿದವು. ಚಿರತೆ! ನನ್ನನ್ನೇ ನೋಡುತ್ತಿತ್ತು. ಅದರ ಮುಂಗಾಲುಗಳ ನಡುವೆ ಪುಟ್ಟ ಮರಿಯೊಂದು ನಿದ್ದೆ ಹೋಗಿತ್ತು.

ಅಕ್ಕ ಆಗಲೇ ಬಂಡೆಯತ್ತ ಅರ್ಧ ದಾರಿಯಲ್ಲಿದ್ದಳು. "ಅಕ್ಕಾ, ಓಡ್ಬೇಡ. ಹಂಗೇ ಹಿಂದಿಂದಕ್ಕೆ ಬಾ" ಎಂದೆ. ನನ್ನ ದನಿಯಲ್ಲೇನು ಕೇಳಿಸಿತೋ, ಅವಳು ಇದ್ದ ಹಾಗೆಯೇ ಹಿಂದೆ ಸರಿಯುತ್ತಾ ಬಂದಳು. ಕ್ಯಾಮೆರಾವನ್ನು ಅವಳ ಕಣ್ಣಿಗಿಟ್ಟೆ. ಕಿರುಚುತ್ತಾಳೆಂದುಕೊಂಡರೆ, ಉಸಿರಿನಲ್ಲೇ ಹೇಳಿದಳು: "ಅಯ್ಯೋ ನಮ್ಮಪ್ಪಾ, ಎಷ್ಟು ಚೆಂದಾಗೈತೆ ಕಣೆ!"

ಇಬ್ಬರೂ ಸದ್ದಿಲ್ಲದೆ ಊರಿಗೆ ಬಂದು ಎಲ್ಲರಿಗೂ ತಿಳಿಸಿದೆವು. ಅರಣ್ಯ ಇಲಾಖೆಯವರು ಬಂದು ಬಂಡೆಯ ಕಡೆ ಯಾರೂ ಹೋಗದಂತೆ ನೋಡಿಕೊಂಡರು. ಕೆಲವೇ ದಿನಗಳಲ್ಲಿ ತಾಯಿ ಮರಿಯೊಂದಿಗೆ ಅಲ್ಲಿಂದ ಹೊರಟುಹೋಯಿತಂತೆ.

ಬಟನ್ ಒತ್ತುವುದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಫೋಟೋ ಇಲ್ಲವೆಂಬ ಬೇಸರ ನನಗಿಲ್ಲ. ಮಗ್ಗುಲಲ್ಲಿ ಮರಿಯಿದ್ದ ಒಂದು ಕಾಡಿನ ತಾಯಿ ನಮ್ಮನ್ನು ಕಣ್ತುಂಬ ನೋಡಿ, ಸುಮ್ಮನೆ ಕಳಿಸಿಕೊಟ್ಟಿತ್ತು.