ಮೇಲೆ ನಿಂತ ವಾಲ್ವು

ಯಲಹಂಕದಲ್ಲಿ ನನಗೊಂದು ಪಂಚರ್ ಅಂಗಡಿ ಇತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬೇಸಿಗೆಯಲ್ಲಿ ಪುಟ್ಟೇನಹಳ್ಳಿ ಕೆರೆ ಒಣಗಿದರೆ ಸುತ್ತಲಿನವರು ಟ್ರಾಕ್ಟರ್ ತಂದು ಹೂಳು ಸಾಗಿಸುತ್ತಿದ್ದರು. ಒಂದು ವರ್ಷ ಆ ಕೆಲಸ ಮುಗಿದ ಮೇಲೆ ಅಲ್ಲೇ ಒಂದು ಪಂದ್ಯ ಇಡೋಣವೆಂದರು. ಚಪ್ಪಡಿ ಕಲ್ಲುಗಳನ್ನು ಕಬ್ಬಿಣದ ತಗಡಿನ ಮೇಲೆ ಹೇರಿ ಟ್ರಾಕ್ಟರಿನಿಂದ ಎಳೆಯಬೇಕು. ಹೆಚ್ಚು ದೂರ ಎಳೆದವರಿಗೆ ಹಿಂದಿನ ಚಕ್ರದ ಒಂದು ಜೊತೆ ಹೊಸ ಟೈರು. ಹೊಸ ಗಾಡಿಗಳದ್ದು ಒಂದು ವರ್ಗ, ಇಪ್ಪತ್ತು ವರ್ಷ ದಾಟಿದ ಹಳೇ ಗಾಡಿಗಳದ್ದು ಇನ್ನೊಂದು. ಎಸ್ಸೆಸ್ಸೆಲ್ಸಿ ಪಾಸಾದವನೆಂದು ನಿಯಮ ಬರೆಯುವುದೂ, ಟೈರಿನ ಕೆಲಸದವನೆಂದು ಗಾಡಿ ಪರೀಕ್ಷಿಸುವುದೂ ನನ್ನ ಪಾಲಿಗೇ ಬಂತು.

ಹಳೇ ಗಾಡಿಗಳಿಗೆ ನಾನು ಬರೆದ ಮುಖ್ಯ ನಿಯಮ, ಟೈರಿನೊಳಗೆ ನೀರಿರಬಾರದು ಎಂಬುದು. ಚಕ್ರ ಜಾರದಿರಲೆಂದು ಟ್ಯೂಬಿಗೆ ಹತ್ತಾರು ಬಿಂದಿಗೆ ನೀರು ತುಂಬಿಸುವುದು ವಾಡಿಕೆ. ಪಂದ್ಯದಲ್ಲಿ ಆ ಭಾರ ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲದಿದ್ದರೆ ಅನ್ಯಾಯ. ನೀರಿದೆಯೇ ಎಂದು ನೋಡಲು ಗಾಳಿ ತುಂಬುವ ವಾಲ್ವು ಕೆಳಗೆ ಬರುವಂತೆ ಗಾಡಿಯನ್ನು ಸ್ವಲ್ಪ ಮುಂದಕ್ಕೆ ಉರುಳಿಸಿ ಅದರ ಪಿನ್ನು ಒತ್ತಬೇಕು. ವಾಲ್ವು ಮೇಲಿದ್ದರೆ ಒಳಗೆ ಎಷ್ಟು ನೀರಿದ್ದರೂ ಬರೀ ಗಾಳಿ ಬರುತ್ತದೆ.

ಹಳೇ ಗಾಡಿಗಳಲ್ಲಿ ಕೊನೆಗೆ ಪಂದ್ಯಕ್ಕೆ ಬಂದವು ಎರಡೇ. ಒಂದು ಅಲ್ಲಾಳಸಂದ್ರದ ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ನನ್ನ ಅಂಗಡಿ ಇದ್ದದ್ದು ಅವರ ಜಾಗದಲ್ಲಿ. ಇನ್ನೊಂದು, ಬಾಡಿಗೆಗೆ ಹೊಲ ಉಳುತ್ತಿದ್ದ, ಊರೆಲ್ಲ ಚಾಚಾ ಎಂದೇ ಕರೆಯುತ್ತಿದ್ದ ಹಿರಿಯರದು. ಅವರ ಟೈರುಗಳು ನುಣ್ಣಗೆ ಸವೆದಿದ್ದವು, ಮಳೆ ಬಿದ್ದರೆ ಹೊಲಕ್ಕೆ ಇಳಿಯುವಂತಿರಲಿಲ್ಲ. ಹಿಂದಿನ ದಿನ ನನ್ನ ಅಂಗಡಿಗೇ ಬಂದು ನೀರು ತೆಗೆಸಿದ್ದರು.

"ಪೂರಾ ತೆಗಿ ತಮ್ಮಾ, ನಾಳೆ ಮಾತು ಬರಬಾರ್ದು."

ಎಷ್ಟು ತೆಗೆದರೂ ಟ್ಯೂಬಿನ ತಳದಲ್ಲಿ ಒಂದೆರಡು ಚೊಂಬು ಉಳಿಯುತ್ತದೆ. ಅದು ನನಗೆ ಗೊತ್ತಿತ್ತು.

ಪಂದ್ಯದ ದಿನ ಮೊದಲು ಭಾವನ ಗಾಡಿ ನೋಡಿದೆ. ಎರಡೂ ಚಕ್ರಗಳ ವಾಲ್ವು ಮೇಲಿದ್ದವು. ಉರುಳಿಸಲು ಹೇಳದೆ ಹಾಗೇ ಒತ್ತಿದೆ. ಗಾಳಿ ಬುಸುಗುಟ್ಟಿತು.

"ಏನ್ಲಾ, ಡಾಕ್ಟ್ರು ನಾಡಿ ಇಡಿದಂಗೆ ಇಡೀತೀಯ. ಬಿಡು, ಬದುಕ್ತದೆ," ಎಂದರು ಭಾವ. ಜನ ನಕ್ಕರು.

ಚಾಚಾ ಗಾಡಿಯನ್ನು ಮಾತ್ರ ಉರುಳಿಸಲು ಹೇಳಿದೆ. ವಾಲ್ವು ಕೆಳಗೆ ಬಂತು. ಪಿನ್ನು ಒತ್ತಿದಾಗ ನನ್ನ ಅಂಗೈ ಒದ್ದೆಯಾಯಿತು. ಎಲ್ಲರಿಗೂ ಕಾಣುವಂತೆ ಕೈಯೆತ್ತಿ, "ನೀರಿದೆ," ಎಂದೆ.

"ಏನ್ ಚಾಚಾ, ಗಾಡಿಗೂ ಬಾಯಾರಿಕೆನಾ?" ಎಂದು ಯಾರೋ ಕೂಗಿದರು.

"ತಮ್ಮಾ, ನೀನೇ ಅಲ್ವಾ ತೆಗ್ದಿದ್ದು? ತಳದ ನೀರು ಇದು."

"ಬರೆದಿರೋದು ಬರೆದಂಗೆ ಚಾಚಾ. ನಾನೇನ್ ಮಾಡ್ಲಿ?"

ಅವರು ಭಾವನ ಚಕ್ರದ ಕಡೆ ನೋಡಿದರು. ವಾಲ್ವು ಇನ್ನೂ ಮೇಲೆಯೇ ಇತ್ತು. ಆಮೇಲೆ ನನ್ನನ್ನು ನೋಡಿ, "ಸರಿ. ನೀವು ಹೇಳಿದ್ ಮೇಲೆ ಆಯ್ತು," ಎಂದರು. ಅಲ್ಲಿಯವರೆಗೆ ನಾನು ಅವರಿಗೆ ನೀನು ಆಗಿದ್ದೆ.

ಹೊಸ ಟೈರು ಭಾವನ ಮನೆಗೆ ಹೋದವು. ಆ ಮುಂಗಾರಿನಲ್ಲಿ ಚಾಚಾ ಗಾಡಿ ಹೆಚ್ಚಿನ ದಿನ ಮನೆ ಮುಂದೆಯೇ ನಿಂತಿತ್ತು. ಇನ್ನು ನನ್ನ ಅಂಗಡಿಗೆ ಬರಲಾರರು ಎಂದುಕೊಂಡಿದ್ದೆ, ಬಂದರು. ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ, ಇಳಿದು, "ವಾಲ್ವು ಕೆಳಗೆ ತಂದಿದೀನಿ. ನೋಡ್ಕೊಳ್ಳಿ," ಎಂದರು. ಪಂಚರ್ ಹಾಕಲು ಅದು ಬೇಕಿರಲಿಲ್ಲ. ಆದರೂ ಗಾಡಿ ಮಾರುವವರೆಗೆ ಪ್ರತಿ ಸಲವೂ ಹಾಗೇ ಮಾಡಿದರು.

ಒಮ್ಮೆ ತಡೆಯಲಾಗದೆ, "ನಂಗೆ ನೀವು ಅನ್ಬೇಡಿ ಚಾಚಾ," ಎಂದೆ.

"ಜಡ್ಜ್ ಸಾಹೇಬ್ರಿಗೆ ಇನ್ನೇನ್ ಅನ್ಲಿ?" ಎಂದರು. ನಗಲಿಲ್ಲ.

ಆಗ ಹೇಳಬಹುದಿತ್ತು. ನಾನು ಬಗ್ಗಿ ಜಾಕ್ ತೆಗೆದುಕೊಂಡೆ.

ಈಗ ಅವರೂ ಇಲ್ಲ, ಭಾವನೂ ಇಲ್ಲ. ಆ ಬೆಳಿಗ್ಗೆ ಭಾವನ ಟೈರುಗಳಲ್ಲಿ ಮುಕ್ಕಾಲು ಪಾಲು ನೀರಿತ್ತು. ವಾಲ್ವು ಮೇಲೆ ಬರುವಂತೆ ಗಾಡಿ ನಿಲ್ಲಿಸಿ ಎಂದು ಅವರಿಗೆ ಹೇಳಿಕೊಟ್ಟವನು ನಾನೇ.