ಶನಿವಾರ ಬಾರಿಸಿದ ಗಂಟೆ

ಆ ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ಜಗಲಿಯಲ್ಲಿ ಕೂತಿದ್ದವರು ಮೂವರು. ಒಬ್ಬರು ಸಮಾಧಾನಪ್ಪ ಮೇಷ್ಟ್ರು. ಶಾಲೆ ಕಟ್ಟಿದಾಗಿನಿಂದ ಪಾಠ ಹೇಳಿ, ಈಗ ಕಣ್ಣಿಗೆ ಪೊರೆ ಬಂದು, ಕೋಲೂರಿ ಓಡಾಡುವ ಹಿರಿಯರು. ಇನ್ನೊಬ್ಬಳು ಹಾಸ್ಟೆಲಿನ ಅಡಿಗೆ ಚಿನ್ನಮ್ಮ. ಮಾರನೆಯ ದಿನದ ಹಬ್ಬದೂಟಕ್ಕೆ ಅಕ್ಕಿ ಆರಿಸುತ್ತಿದ್ದಳು. ಮೂರನೆಯವಳು ನಾನು, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುವವಳು. ನನ್ನ ಯಜಮಾನರು ಅದೇ ಶಾಲೆಯ ಮುಖ್ಯ ಉಪಾಧ್ಯಾಯರು. ಹಬ್ಬದ ಸಾಮಾನಿಗೆಂದು ಬೆಳಿಗ್ಗೆಯೇ ಬಸ್ಸು ಹತ್ತಿ ಮಳವಳ್ಳಿಗೆ ಹೋಗಿದ್ದರು. ನಮ್ಮ ಮಗಳು ಎಸ್ತೇರು, ಏಳು ವರ್ಷದವಳು, ಹಾಸ್ಟೆಲಿನ ಹುಡುಗಿಯರ ಜೊತೆ ಕಕ್ಕೆ ಹೂ ತರುವುದಕ್ಕೆ ನಾಲೆ ಏರಿಯ ಕಡೆ ಹೋಗಿದ್ದಳು. ಪುನರುತ್ಥಾನದ ಹಬ್ಬದ ಮುಂಜಾನೆ ನಮ್ಮವರ ಸಮಾಧಿಗಳ ಮೇಲೆ ಆ ಹಳದಿ ಹೂವಿಡುವುದು ನಮ್ಮಲ್ಲಿ ವಾಡಿಕೆ. ಅಲ್ಲಿ ನನ್ನ ಇಬ್ಬರು ಗಂಡುಮಕ್ಕಳೂ ಮಲಗಿದ್ದಾರೆ. ಎಸ್ತೇರು ಹುಟ್ಟಿದ್ದು ಅವರಿಬ್ಬರು ಹೋದ ಮೇಲೆ.

ಕರ್ತನಲ್ಲಿ ನನಗೆ ಒಡಹುಟ್ಟಿದವರಂತಿರುವ ನಿಮಗೆಲ್ಲ ಇದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬಾಯಲ್ಲಿ ಹೇಳಹೋದರೆ ಅರ್ಧಕ್ಕೇ ನಿಲ್ಲಿಸುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಶಾಲೆ ಇರುವುದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿ. ನಾನು ಮದುವೆಯಾಗಿ ಬಂದಾಗ ಸುತ್ತಮುತ್ತ ರಾಗಿ, ಹುರುಳಿ ಹೊಲ. ಜಗಲಿಯಲ್ಲಿ ನಿಂತರೆ ಮೂರು ಊರಿನ ಮರ ಕಾಣುತ್ತಿತ್ತು. ಆಮೇಲೆ ನಾಲೆಯ ನೀರು ಬಂತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, ನೋಡನೋಡುತ್ತಾ ಕಾಂಪೌಂಡಿನ ಬೇಲಿಯವರೆಗೂ ಕಬ್ಬು ಬಂತು. ಆನೆ ಹೊಕ್ಕರೂ ಕಾಣದಂಥ ಕಬ್ಬು. ದೊಡ್ಡವರಿಗೂ ಅದರೊಳಗೆ ದಿಕ್ಕು ತಿಳಿಯುತ್ತಿರಲಿಲ್ಲ.

ಇನ್ನು ನಮ್ಮ ಗಂಟೆಯ ವಿಷಯ. ಶುಭ ಶುಕ್ರವಾರ ಮಧ್ಯಾಹ್ನದ ಆರಾಧನೆ ಮುಗಿದೊಡನೆ ಮೇಷ್ಟ್ರು ಶಾಲೆಯ ಕಂಚಿನ ಗಂಟೆಯ ನಾಲಿಗೆಗೆ ಬಿಳಿ ಬಟ್ಟೆ ಸುತ್ತಿ ಕಟ್ಟುತ್ತಿದ್ದರು. ಭಾನುವಾರ ಸೂರ್ಯ ಹುಟ್ಟುವಾಗಲೇ ಅದನ್ನು ಬಿಚ್ಚುವುದು. ನಡುವೆ ಊಟಕ್ಕೂ ಇಲ್ಲ, ಪ್ರಾರ್ಥನೆಗೂ ಇಲ್ಲ. ಕರ್ತನು ಸಮಾಧಿಯಲ್ಲಿರುವಾಗ ನಮ್ಮ ಗಂಟೆಗೇನು ಮಾತು ಎನ್ನುತ್ತಿದ್ದರು. ನಮ್ಮಲ್ಲಿ ಓದಿದ ಮಕ್ಕಳು, ಬಹುಪಾಲು ಸುತ್ತಲ ಊರುಗಳ ಗೌಡರ ಮಕ್ಕಳು, ನಮ್ಮ ಪ್ರಾರ್ಥನೆ ಮರೆತರೂ ಈ ಬಟ್ಟೆ ಕಟ್ಟುವುದನ್ನು ಮಾತ್ರ ಮರೆತವರಲ್ಲ.

ಆ ಹಳೆಯ ವಿದ್ಯಾರ್ಥಿಗಳದ್ದೇ ಮಾತು ಆ ಮಧ್ಯಾಹ್ನ ಜಗಲಿಯಲ್ಲಿ ನಡೆದಿತ್ತು. ಹಬ್ಬಕ್ಕೆ ಎಷ್ಟು ಜನಕ್ಕೆ ಅಡಿಗೆ ಎಂದು ಚಿನ್ನಮ್ಮ ಕೇಳಿದಳು. ನಮ್ಮ ಪಾಡಿಗೆ ನಾವೇ, ಹೊರಗಿನವರು ಯಾರು ಬರುತ್ತಾರೆ ಎಂದೆ ನಾನು. ನನಗೆ ಒಳಗೆ ಕಹಿಯಿತ್ತು. ಅಕ್ಷರ ಕಲಿಸಿ, ಅನ್ನ ಬಡಿಸಿ, ಜ್ವರ ಬಂದಾಗ ತಲೆಗೆ ತಣ್ಣೀರು ಬಟ್ಟೆ ಹಾಕಿ ಬೆಳೆಸಿದ ಮಕ್ಕಳು ರಸ್ತೆಯಲ್ಲಿ ಕಂಡರೆ ಕೈ ಮುಗಿದು ಹೋಗುತ್ತಾರೆ, ಅಷ್ಟೆ. ಇಷ್ಟು ವರ್ಷ ಬಿತ್ತಿದ್ದು ಎಲ್ಲಿ ಬಿತ್ತು ಎಂದು ಮೇಷ್ಟ್ರನ್ನು ಕೇಳಿಯೇಬಿಟ್ಟೆ. ಅವರು ನಕ್ಕರು. "ಬಿತ್ತಿದೋನು ದಿನಾ ಮಣ್ಣು ಕೆದಕಿ ನೋಡಬಾರದು ಕಣಮ್ಮ ಸುಗುಣ" ಎಂದರು.

ಅಷ್ಟರಲ್ಲಿ ಹುಡುಗಿಯರು ಬಂದರು, ಉಡಿತುಂಬ ಹೂವು. ಎಸ್ತೇರು ಇರಲಿಲ್ಲ. ಅವಳು ಎಲ್ಲರಿಗಿಂತ ಮುಂಚೆ ಅಣ್ಣಂದಿರ ಹತ್ತಿರ ಹೂವಿಡಬೇಕೆಂದು ಹಟ ಮಾಡಿ, ಏರಿ ಸುತ್ತಿ ಬರದೆ ಕಬ್ಬಿನೊಳಗೆ ಅಡ್ಡಹಾದಿ ಹಿಡಿದಳಂತೆ. ಇಷ್ಟೊತ್ತಿಗೆ ಬಂದಿರಬೇಕಲ್ಲ ಅಮ್ಮಾವ್ರೆ ಎಂದು ಅವರೇ ನನ್ನ ಮುಖ ನೋಡಿದರು. ಸ್ಮಶಾನಕ್ಕೆ ಓಡಿದೆ. ಅಲ್ಲಿ ಒಂದು ಹೂವೂ ಇರಲಿಲ್ಲ.

ಚಿನ್ನಮ್ಮನೂ ನಾನೂ ದೊಡ್ಡ ಹುಡುಗಿಯರೂ ಕಬ್ಬಿಗೆ ನುಗ್ಗಿದೆವು. ಕೂಗಿದರೆ ಕೂಗು ಹತ್ತು ಮಾರು ಹೋಗುವುದರೊಳಗೆ ಸೋಗೆಯ ಸದ್ದಿನಲ್ಲಿ ಕರಗುತ್ತಿತ್ತು. ಒಂದು ಸಾಲಿನಲ್ಲಿ ನಡೆದರೆ ಪಕ್ಕದ ಸಾಲಿನಲ್ಲಿ ಏನಿದೆ ಎಂದು ಕಾಣದು. ಗರಿ ಮುಖಕ್ಕೆ ಗೀರುತ್ತಿತ್ತು. ಮಗು ನಿಂತಿದೆಯೋ, ಬಿದ್ದಿದೆಯೋ, ಏರಿಯ ಕಡೆಗೆ ಹಿಂತಿರುಗಿ ನೀರಿಗೆ ಜಾರಿದೆಯೋ. ಹೀಗೆ ಒದ್ದಾಡುವಾಗ ಮೂಗಿಗೆ ಹೊಗೆ ಬಡಿಯಿತು.

ಆ ಕಬ್ಬು ಪುಟ್ಟೇಗೌಡರದ್ದು. ಊರಿನ ದೊಡ್ಡ ಜಮೀನುದಾರರು, ನಮ್ಮ ಶಾಲೆಯ ಕಡೆ ತಲೆ ಹಾಕಿಯೂ ಮಲಗದವರು. ಪಡುವಲ ತುಂಡಿನಲ್ಲಿ ಅವರ ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ ಆಗಿತ್ತು. ಅಲ್ಲಿ ಬಿದ್ದಿದ್ದ ಒಣಸೋಗೆಗೆ ಅವರ ಆಳುಗಳು ಎಂದಿನಂತೆ ಬೆಂಕಿ ಹಾಕಿದ್ದರು. ಗಾಳಿ ತಿರುಗಿತು. ಬೆಂಕಿ ಬದುವನ್ನು ದಾಟಿ, ನಿಂತ ಕಬ್ಬಿನ ಅಂಚು ಹಿಡಿಯಿತು. ಚಟಚಟ ಸದ್ದು ಕೇಳಿಸಿತು. ಸಾಲಿನ ನಡುವೆಯೇ ಮಂಡಿಯೂರಿದೆ. ಸಾವಿರ ಪ್ರಾರ್ಥನೆ ಮಕ್ಕಳಿಗೆ ಕಲಿಸಿದವಳಿಗೆ ಆಗ ಒಂದೂ ನೆನಪಾಗಲಿಲ್ಲ. "ಇಬ್ಬರನ್ನು ಕೊಟ್ಟಿದೀನಿ ಕರ್ತನೇ, ಇವಳನ್ನು ಕೇಳಬೇಡ" ಎಂದಷ್ಟೇ ಬಂತು.

ಎದ್ದು ನಿಲ್ಲುವಾಗ ಗಂಟೆ ಕೇಳಿಸಿತು.

ನನಗೆ ತಲೆ ಕೆಟ್ಟಿತೆಂದುಕೊಂಡೆ. ಶನಿವಾರ ಗಂಟೆ. ಶಾಲೆಯ ಕಡೆ ಓಡಿ ಬಂದರೆ, ಮೇಷ್ಟ್ರು ಕೋಲು ಎಸೆದು, ಎರಡು ಕೈಯಲ್ಲೂ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಬಿಳಿ ಬಟ್ಟೆ ಕಾಲಡಿಯಲ್ಲಿ ಬಿದ್ದಿತ್ತು. ಒಬ್ಬ ಹುಡುಗಿ ಓಡಿ ಬಂದು ಬೆಂಕಿಯ ಸುದ್ದಿ ಹೇಳಿದಳಂತೆ. ಅವಳ ಮಾತು ಮುಗಿಯುವ ಮೊದಲೇ ಎದ್ದರಂತೆ. ನಾನು ಏನೋ ತೊದಲಿದೆ. ಅವರು ಹಗ್ಗ ಬಿಡದೆ ಹೇಳಿದರು: "ಮಗು ಸಿಗದೆ ನಾಳೆ ಯಾವ ಬಾಯಲ್ಲಿ ಹಾಡೋದಮ್ಮ."

ಮೊದಲು ಬಂದವನು ಮರೀಗೌಡ. ಪಕ್ಕದ ಊರಿನವನು, ನನ್ನ ಹತ್ತಿರ ಅ ಆ ತಿದ್ದಿದವನು, ಈಗ ಮೀಸೆ ಬಿಟ್ಟು ಮನೆ ನಡೆಸುವವನು. ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವನು ಕತ್ತಿಯ ಸಮೇತ ಓಡಿ ಬಂದಿದ್ದ. ಗೇಟಿನಲ್ಲೇ ಗೋಳೋ ಎಂದು ಅಳಲು ಶುರುಮಾಡಿದ. ಅವನ ಹಿಂದೆ ಐದಾರು ಜನ, ಎಲ್ಲರೂ ನಮ್ಮ ಹಳೆಯ ಮಕ್ಕಳು, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಒಬ್ಬನು ಎಲ್ಲಿಂದಲೋ ಚೆಂಡುಹೂವಿನ ಹಾರವನ್ನೂ ತಂದುಬಿಟ್ಟಿದ್ದ. ಶನಿವಾರ ಆ ಗಂಟೆ ಬಾರಿಸಿತೆಂದರೆ ಅವರೆಲ್ಲರ ತಲೆಗೂ ಹೊಳೆದದ್ದು ಒಂದೇ: ಮೇಷ್ಟ್ರು ತೀರಿಕೊಂಡರು. ಬೇರೆ ಯಾವುದಕ್ಕೆ ತಾನೆ ಆ ಬಟ್ಟೆ ಬಿಚ್ಚಿಯಾರು?

ಕಣ್ಣೊರೆಸಿಕೊಂಡು ಮರೀಗೌಡ ತಲೆ ಎತ್ತಿದರೆ, ಗಂಟೆ ಬಾರಿಸುತ್ತಿರುವವರು ಮೇಷ್ಟ್ರೇ. ಬಾಯಿ ತೆರೆದವನು ತೆರೆದಂತೆಯೇ ನಿಂತ. "ಅಯ್ಯೋ ಸಾಮಿ, ನೀವು ಒಂಟೋದ್ರಿ ಅನ್ಕಂಡು ಬಂದ್ನಲ್ಲಾ" ಎಂದ.

"ಹೋದಾಗ ಅಳುವೆಯಂತೆ ಕಣ್ಲಾ. ಈಗ ಆ ಕತ್ತಿ ಕೆಳಗಿಡಬೇಡ. ಸುಗುಣಮ್ಮನ ಮಗು ಕಬ್ಬಿನಲ್ಲಿದೆ, ಕಬ್ಬಿಗೆ ಬೆಂಕಿ ಬಿದ್ದಿದೆ" ಎಂದರು ಮೇಷ್ಟ್ರು.

ಮತ್ತೆ ಜನ ಬರುತ್ತಲೇ ಇದ್ದರು. ಸಾಯಲಿಕ್ಕೆ ಬಿದ್ದ ಎಮ್ಮೆ ಬಿಟ್ಟು ಬಂದವರು, ಊಟದ ತಟ್ಟೆ ಬಿಟ್ಟು ಬಂದವರು. ಮಗು ತಪ್ಪಿಸಿಕೊಂಡಿದೆ ಎಂದು ನಾನು ಮನೆಮನೆಗೆ ಹೋಗಿ ಕರೆದಿದ್ದರೆ ಬರುತ್ತಿದ್ದರು, ಆದರೆ ಅಷ್ಟು ಜನ, ಅಷ್ಟು ಬೇಗ, ಅಷ್ಟು ಊರಿನಿಂದ ಬರುತ್ತಿರಲಿಲ್ಲ. ಮೇಷ್ಟ್ರನ್ನು ಮಣ್ಣು ಮಾಡಲು ಬಂದವರು ಅವರು. ಅಷ್ಟರಲ್ಲಿ ಮಳವಳ್ಳಿಯ ಬಸ್ಸೂ ರಸ್ತೆಯಲ್ಲಿ ನಿಂತಿತು. ಡ್ರೈವರ್ ಬೋರಯ್ಯನೂ ನಮ್ಮ ಶಾಲೆಯವನೇ. ಗಂಟೆ ಕೇಳಿದ್ದೇ ಬ್ರೇಕು ಹಾಕಿದನಂತೆ. ಅದೇ ಬಸ್ಸಿನಲ್ಲಿದ್ದ ನನ್ನ ಯಜಮಾನರು ಸಾಮಾನಿನ ಗಂಟು ಹಿಡಿದು, ಮೇಷ್ಟ್ರಿಗೆಂದು ಕಣ್ಣೀರು ಹಾಕುತ್ತಾ ಇಳಿದರು. ಅವರಿಗೆ ನಿಜ ಹೇಳಬೇಕಾದವಳು ನಾನು. ಆ ಗಳಿಗೆಯನ್ನು ಬರೆಯಲಾರೆ.

ಪುಟ್ಟೇಗೌಡರು ಬದುವಿನ ಮೇಲೆ ನಿಂತಿದ್ದರು. ಮುಖ ಕಪ್ಪಿಟ್ಟಿತ್ತು. ಬೆಂಕಿ ನಿಲ್ಲಬೇಕಾದರೆ ಅದರ ಮುಂದೆ ಕಬ್ಬು ಕಡಿದು ಬಯಲು ಮಾಡಬೇಕು. ಆದರೆ ಅದು ಅವರ ಕಬ್ಬು, ಇನ್ನೆರಡು ವಾರಕ್ಕೆ ಗಾಡಿ ಹತ್ತಬೇಕಾದ ಬೆಳೆ. ಕತ್ತಿ ಹಿಡಿದವರು ಅವರ ಮುಖ ನೋಡಿದರು. ಯಾರೂ ಮೊದಲ ಏಟು ಹಾಕಲಿಲ್ಲ. ಹೊಗೆ ನಮ್ಮೆಲ್ಲರ ಮೇಲೆ ಬರುತ್ತಿತ್ತು. ಆಗ ಪುಟ್ಟೇಗೌಡರು ಪಕ್ಕದವನ ಕೈಯಿಂದ ಕತ್ತಿ ಕಿತ್ತುಕೊಂಡು ತಾವೇ ಕಡಿಯಲು ಶುರುಮಾಡಿದರು. "ಏನ್ ನೋಡ್ತಿದ್ದೀರ್ಲಾ, ಕಡೀರಿ. ಕಬ್ಬು ಓದ್ರೆ ಓಗ್ಲಿ" ಎಂದರು.

ಅರ್ಧ ಜನ ಕಡಿಯಲು ನಿಂತರು. ಮಿಕ್ಕವರನ್ನು ಮೇಷ್ಟ್ರು ಬೇಲಿಯ ಉದ್ದಕ್ಕೂ ಸಾಲಾಗಿ ನಿಲ್ಲಿಸಿದರು, ಹಿಂದೆ ಡ್ರಿಲ್ಲಿಗೆ ನಿಲ್ಲಿಸುತ್ತಿದ್ದಂತೆಯೇ. ಒಬ್ಬನಿಗೆ ಒಂದು ಸಾಲು. ಯಾರೂ ಸಾಲು ಬಿಡಕೂಡದು, ಯಾರೂ ಓಡಕೂಡದು. ಬಸ್ಸಿನಿಂದ ಇಳಿದ, ನಮ್ಮನ್ನು ಎಂದೂ ಕಂಡಿರದ ಜನವೂ ಕಚ್ಚೆ ಬಿಗಿದು ನಿಂತರು. ಎಲ್ಲರೂ ಒಟ್ಟಿಗೆ ಒಳಗೆ ಹೊಕ್ಕರು. ನನಗೂ ಒಂದು ಸಾಲು ಸಿಕ್ಕಿತು. ಕಣ್ಣು ಉರಿಯುತ್ತಿತ್ತು, ನೆಲ ನೋಡುತ್ತಾ ನಡೆದೆ. ಪಕ್ಕದವರ ಕೆಮ್ಮು ಮಾತ್ರ ಕೇಳುತ್ತಿತ್ತು. ಎಡಗಡೆ ಬೆಂಕಿಯ ಸದ್ದು ಜೋರಾದಂತೆಲ್ಲ ಎಲ್ಲರ ಹೆಜ್ಜೆಯೂ ತಡವರಿಸುತ್ತಿತ್ತು, ಆದರೆ ಯಾರೂ ಹಿಂದೆ ತಿರುಗಲಿಲ್ಲ.

ಎಲ್ಲೋ ಮುಂದೆ ಬೋರಯ್ಯನ ದನಿ, "ಐತೆ" ಎಂದು. ಆಮೇಲೆ ಏನೂ ಇಲ್ಲ. ಆ ಮೌನದಲ್ಲಿ ನಾನು ಸತ್ತೇ ಹೋಗಿದ್ದೆ. ಕಬ್ಬು ಮುರಿದುಕೊಂಡು ಅವನು ಬಂದಾಗ ಎಸ್ತೇರು ಅವನ ಹೆಗಲ ಮೇಲೆ ಬಟ್ಟೆಯಂತೆ ಜೋತಾಡುತ್ತಿದ್ದಳು. "ಉಸ್ರು ಐತೆ ಕಣವ್ವ. ಮೊದ್ಲು ಬಸ್ ಅತ್ತು" ಎಂದ.

ಆ ಬಸ್ಸು ಮದ್ದೂರಿಗೆ ಮುಗಿಯಬೇಕಾದದ್ದು. ಟಿಕೇಟು ಕೊಂಡಿದ್ದ ಜನ, ನಾವು ನಡೆದೇ ಹೋಗುತ್ತೇವೆ ಎಂದು ಬಸ್ಸು ಖಾಲಿ ಬಿಟ್ಟುಕೊಟ್ಟರು. ಕೋಳಿಬುಟ್ಟಿಯ ಒಬ್ಬ ಅಜ್ಜಿ ಮಾತ್ರ ಇಳಿಯಲಿಲ್ಲ. ಮಗುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ತನ್ನ ದೇವರನ್ನು ಕರೆಯುತ್ತಾ ಅಂಗಾಲು ಉಜ್ಜಿದಳು. ನಾನು ನನ್ನ ಕರ್ತನನ್ನು ಕರೆಯುತ್ತಾ ತಲೆ ಹಿಡಿದುಕೊಂಡಿದ್ದೆ. ಮಾಲೀಕರು ಬೈಯುವುದಿಲ್ಲವೇ ಎಂದು ನನ್ನ ಯಜಮಾನರು ಕೇಳಿದ್ದಕ್ಕೆ, ಬೈದರೆ ಬೈಸಿಕೊಳ್ಳುವುದು ಇದೇ ಶಾಲೆಯಲ್ಲಿ ಅಭ್ಯಾಸವಾಗಿದೆ ಎಂದ ಬೋರಯ್ಯ. ಮದ್ದೂರಿನಲ್ಲಿ ನಿಲ್ಲಿಸದೆ ನೆಟ್ಟಗೆ ಮಂಡ್ಯದ ಆಸ್ಪತ್ರೆಗೆ ಬಿಟ್ಟ.

ಡಾಕ್ಟರು ಒಳ್ಳೆಯವರು, ಸುಳ್ಳು ಧೈರ್ಯ ಹೇಳಲಿಲ್ಲ. ಹೊಗೆ ಎದೆಗೆ ಇಳಿದಿದೆ, ಬೆಳಗಿನವರೆಗೆ ಏನೂ ಹೇಳಲಾರೆ ಎಂದರು. ಅವಳ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂತೆವು. ಒಮ್ಮೊಮ್ಮೆ ಇಳಿದದ್ದು ಏರಲು ತಡಮಾಡುತ್ತಿತ್ತು. ಆಗ ಯಜಮಾನರು ನನ್ನ ಕೈ ಬಿಗಿಹಿಡಿಯುತ್ತಿದ್ದರು. ಕರ್ತನ ಸಮಾಧಿಯ ಕಲ್ಲಿನ ಹೊರಗೆ ಕೂತವರಿಗೆ ಆ ಶನಿವಾರ ಎಷ್ಟು ಉದ್ದವಾಗಿತ್ತೆಂದು ನನಗೆ ಅಂದು ತಿಳಿಯಿತು. ಅಷ್ಟು ವರ್ಷ ಹಬ್ಬ ಆಚರಿಸಿದ್ದೆ, ತಿಳಿದಿರಲಿಲ್ಲ.

ಕಿಟಕಿಯಲ್ಲಿ ಬೆಳಕು ಬಿದ್ದಾಗ ಎಸ್ತೇರು ಕೆಮ್ಮಿದಳು, ಕಣ್ಣು ಬಿಟ್ಟಳು. ನೀರು ಕೇಳಲಿಲ್ಲ, ಅಮ್ಮಾ ಎನ್ನಲಿಲ್ಲ. "ಹಬ್ಬ ಮುಗಿದೋಯ್ತಾ?" ಎಂದಳು.

ಈಗ ಶುರು ಮಗಳೇ ಎಂದೆ. ಅವಳು ಒಪ್ಪಲಿಲ್ಲ. ಗಂಟೆ ನಿನ್ನೆಯೇ ಬಾರಿಸಿತಲ್ಲ ಎಂದಳು. ಸ್ವಲ್ಪ ಸ್ವಲ್ಪವಾಗಿ ಹೇಳಿದ್ದನ್ನು ಜೋಡಿಸಿಕೊಂಡಾಗ ತಿಳಿದದ್ದು ಇಷ್ಟು. ಹಾದಿ ತಪ್ಪಿ, ಹೆದರಿ, ಅವಳು ಕಬ್ಬಿನ ಪಡುವಲ ತುದಿಗೇ ನಡೆದುಬಿಟ್ಟಿದ್ದಳು, ಬೆಂಕಿಯ ಕಡೆಗೆ. ಆಗ ಗಂಟೆ ಕೇಳಿಸಿತು. ಅಯ್ಯೋ, ಕರ್ತನು ಎದ್ದುಬಿಟ್ಟ, ಹೂವಿಡುವ ಹೊತ್ತಾಯಿತು ಎಂದುಕೊಂಡು, ಆ ಸದ್ದಿನ ಕಡೆಗೆ ತಿರುಗಿ ಓಡಿದಳಂತೆ. ಉಸಿರು ಕಟ್ಟಿ ಬಿದ್ದದ್ದು ಆಮೇಲೆ. ಅವಳು ತಿರುಗದೆ ಇದ್ದಿದ್ದರೆ ಬೋರಯ್ಯ ಬರುವಷ್ಟರಲ್ಲಿ ಆ ಜಾಗದಲ್ಲಿ ಬೂದಿ ಮಾತ್ರ ಇರುತ್ತಿತ್ತು.

ಅದನ್ನು ಕೇಳಿ ನಾನು ಹೊರಗೆ ಬಂದೆ. ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಮರೀಗೌಡ, ಬೋರಯ್ಯ, ಇನ್ನೂ ನಾಲ್ಕೈದು ಜನ ಹಳೆಯ ಮಕ್ಕಳು ರುಮಾಲು ಹಾಸಿ ಕೂತಿದ್ದರು. ಬೋರಯ್ಯನ ಹೊರತು ಮಿಕ್ಕವರು ರಾತ್ರಿಯೇ ಗಾಡಿ ಕಟ್ಟಿಕೊಂಡು ಬಂದಿದ್ದರಂತೆ. ಕಣ್ಣು ಬಿಟ್ಟಳು ಎಂದೆ. ಅವರಲ್ಲಿ ಒಬ್ಬನು ಶಾಲೆಯಲ್ಲಿ ಕಲಿತಿದ್ದ ಹಬ್ಬದ ಹಾಡನ್ನು ಅರ್ಧಂಬರ್ಧ ನೆನಪಿನಲ್ಲಿ ಎತ್ತಿಕೊಂಡ. ಮಿಕ್ಕವರಿಗೆ ಮಾತು ಮರೆತಿತ್ತು, ರಾಗ ಮರೆತಿರಲಿಲ್ಲ. ಬಿತ್ತಿದ್ದು ಎಲ್ಲಿ ಬಿತ್ತು ಎಂದು ಕೇಳಿದ್ದವಳು ನಾನು. ಇನ್ನು ನನ್ನ ಜೀವಮಾನದಲ್ಲಿ ಆ ಪ್ರಶ್ನೆ ಕೇಳಲಾರೆ. ಸತ್ತವರನ್ನು ಹುಡುಕಿಕೊಂಡು ಬಂದವರ ಕೈಗೆ ಜೀವವನ್ನೇ ಕೊಟ್ಟು ಕಳಿಸುವ ಕರ್ತನಿಗೆ ಸ್ತೋತ್ರ. ಆತನು ಎದ್ದಿದ್ದಾನೆಂದು ಹಿಂದೆ ನಾನು ಓದಿ ನಂಬಿದ್ದೆ, ಈಗ ಮಗುವಿನ ಉಸಿರು ಮುಟ್ಟಿ ನಂಬುತ್ತೇನೆ.

ಎಸ್ತೇರನ್ನು ಮನೆಗೆ ಕರೆತಂದ ಎರಡು ದಿನಕ್ಕೆ ಪುಟ್ಟೇಗೌಡರು ಬಂದರು. ಅವರ ಕಬ್ಬಿನಲ್ಲಿ ಅರ್ಧ ಸುಟ್ಟಿತ್ತು, ಉಳಿದದ್ದರಲ್ಲಿ ಬಹಳಷ್ಟನ್ನು ಕಡಿದಾಗಿತ್ತು. ನಮ್ಮ ಹಿರಿಯರು ಯಾವ ಕೇರಿಯಿಂದ ಬಂದು ಕ್ರೈಸ್ತರಾದವರೆಂದು ಅವರಿಗೆ ಗೊತ್ತು. ಅವರ ಮನೆತನದವರು ಯಾರೂ ನಮ್ಮ ಹೊಸಿಲು ತುಳಿದವರಲ್ಲ, ನಮ್ಮ ಮನೆಯ ನೀರು ಮುಟ್ಟಿದವರಲ್ಲ. ಮಗುವನ್ನು ನೋಡಿ, ಜಗಲಿಯ ಮೇಲೆ ಕೂತರು. ಆಮೇಲೆ, ಬಿಸಿಲು ಜಾಸ್ತಿ, ಒಂದಿಷ್ಟು ನೀರು ಕೊಡವ್ವ ಎಂದರು. ಒಳಗಿನ ಮಡಕೆಯಿಂದ ಚೊಂಬಿಗೆ ತುಂಬಿಸಿ ತಂದುಕೊಟ್ಟೆ. ಕುಡಿದರು. ಚೊಂಬನ್ನು ನನ್ನ ಕೈಗೆ ಕೊಟ್ಟು, ಹೆಗಲ ವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಹೊಲದ ಕಡೆ ಹೋದರು.